ಅತ್ತೆಯ ಎಕ್ಸ್

ಯೂನಿಫಾರಂ ಹೊಲಿಯುವ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ನನ್ನ ಸೋದರತ್ತೆಗೆ ಕೆಲಸ. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಆದರೆ ಆ ವಿಭಾಗಕ್ಕೆ ಮುಖ್ಯಸ್ಥೆಯಾಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು. ಅವಳಿಗೆ ಗಣಿತ ಒಂದು ಉಳಿದಿತ್ತು, ಎರಡು ಸಲ ಡುಮ್ಕಿ ಹೊಡೆದಾಗಿತ್ತು.

"ಈ ಸಲ ಬಿಡಲ್ಲ. ನೀನು ಹೇಳಿಕೊಡು," ಅಂತ ಕಾಲೇಜು ಓದುತ್ತಿದ್ದ ನನ್ನೆದುರು ಬಂದು ಕೂತಳು.

ಸಮೀಕರಣ ಕೊಟ್ಟರೆ ನೀರು ಕುಡಿದಷ್ಟು ಸುಲಭವಾಗಿ ಬಿಡಿಸುತ್ತಿದ್ದಳು. ಲೆಕ್ಕ ವಾಕ್ಯದಲ್ಲಿ ಬಂದರೆ ಮಾತ್ರ ಎಡವಟ್ಟು. ಮೂವತ್ತಾರು ಮೀಟರ್ ಬಟ್ಟೆಯನ್ನು ಎರಡು ತುಂಡು ಮಾಡಲಾಗಿದೆ, ದೊಡ್ಡದು ಚಿಕ್ಕದರ ಎರಡರಷ್ಟು, ಒಂದೊಂದರ ಉದ್ದ ಎಷ್ಟು? ಚಿಕ್ಕದು ಎಕ್ಸ್, ದೊಡ್ಡದು ಎರಡು ಎಕ್ಸ್ ಅಂದಳು. ಅಲ್ಲಿಯವರೆಗೆ ಸರಿ. ಆಮೇಲೆ ಎರಡನ್ನೂ ಕೂಡಿ, ಮೇಲೊಂದು ಮೀಟರ್ ಸೇರಿಸಿ, ಮೂವತ್ತಾರಕ್ಕೆ ಸಮ ಅಂತ ಬರೆದಳು.

"ಈ ಒಂದು ಮೀಟರ್ ಎಲ್ಲಿಂದ ಬಂತು?"

"ಥಾನಿನ ತುದಿ ಕಣೇ. ಸೊಟ್ಟ ಇರುತ್ತೆ, ಕತ್ತರಿಸಿ ಬಿಸಾಕ್ತೀವಿ."

"ಲೆಕ್ಕದಲ್ಲಿ ಹಾಗಂತ ಇದೆಯಾ?"

"ಲೆಕ್ಕ ಬರೆದೋರು ಯಾವತ್ತಾದ್ರೂ ಬಟ್ಟೆ ಕತ್ತರಿಸಿದಾರಾ?"

ಹಗ್ಗದ ಲೆಕ್ಕ ಕೊಟ್ಟರೆ ಗಂಟಿಗೆಂದು ಒಂದಿಷ್ಟು ಕಳೆಯುತ್ತಿದ್ದಳು. ನನಗೆ ನಗುವೂ ಬಂತು, ಮೈಯೂ ಉರಿಯಿತು.

"ಅತ್ತೆ, ಆರ್ಡರ್ ಕೊಟ್ಟೋರು ಜೇಬು ಬೇಡ ಅಂದ್ರೆ ನಿಮ್ಮ ಕಾರ್ಖಾನೇಲಿ ಇಡ್ತೀರಾ?"

"ಇಟ್ರೆ ಮಾಲೆಲ್ಲಾ ವಾಪಸ್ ಬರುತ್ತೆ."

"ಪ್ರಶ್ನೆ ಅಂದ್ರೂ ಆರ್ಡರೇ. ಹೇಳಿದ್ದಷ್ಟೇ ಬರಿ."

ಅತ್ತೆ ಲೆಕ್ಕವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಆ ಒಂದು ಮೀಟರನ್ನು ಪೆನ್ನಿನಿಂದ ಗೀಚಿ ಹಾಕಿದಳು. ಅವತ್ತಿನಿಂದ ಊಟದ ಬಿಡುವಿನಲ್ಲೂ ಪುಸ್ತಕವೇ. ಒಂದೊಂದು ಪದದ ಮೇಲೂ ಬೆರಳಿಟ್ಟು ಓದುವುದು, ಅದಕ್ಕೆ ತಕ್ಕ ಗಣಿತದ ಗುರುತು ಬರೆಯುವುದು. ಜೊತೆಯವರು ರೇಗಿಸಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಮುಖ್ಯಸ್ಥರ ಹುದ್ದೆಗೆ ಹೊರಗಿನವರನ್ನು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಪರೀಕ್ಷೆ ಮುಗಿಸಿ ಹೊರಬಂದವಳು ಮನೆಗೆ ಬರದೆ ಸೀದಾ ಕಾರ್ಖಾನೆಗೆ ನಡೆದಳು. ಗೇಟಿನ ಬಳಿ ಕಾಯುತ್ತಿದ್ದ ನಾನು ಹಿಂದೆಯೇ ಓಡಿದೆ.

"ಸಾರ್, ಆ ಜಾಗಕ್ಕೆ ಯಾರನ್ನೂ ತಗೋಬೇಡಿ. ನಾನು ಪಾಸು."

"ರಿಸಲ್ಟ್ ಬಂತಾ?"

"ಇನ್ನೂ ಇಲ್ಲ. ಆದ್ರೆ ಬಂದ ಉತ್ತರಾನ ಎಕ್ಸ್ ಇದ್ದಲ್ಲಿ ಹಾಕಿ ನೋಡಿದೀನಿ. ಎಲ್ಲಾ ಲೆಕ್ಕದಲ್ಲೂ ಎರಡೂ ಕಡೆ ಸಮ ಬಂದಿದೆ, ಪ್ರಶ್ನೇಲಿ ಹೇಳಿದ್ದಕ್ಕೂ ಸರಿಹೋಗಿದೆ."

ಮ್ಯಾನೇಜರ್ ನನ್ನ ಮುಖ ನೋಡಿದರು. ದಾರಿಯುದ್ದಕ್ಕೂ ಅವಳ ಉತ್ತರಗಳನ್ನು ಕೇಳಿಸಿಕೊಂಡಿದ್ದ ನಾನು ಹೌದೆಂದು ತಲೆಯಾಡಿಸಿದೆ.

"ಸರಿ, ರಿಸಲ್ಟ್ ಬರೋವರೆಗೆ ಕಾಯ್ತೀನಿ," ಅಂದರು.

"ನಾನೂ ಕಾಯ್ತೀನಿ," ಅಂದ ಅತ್ತೆ ಅವರೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ವರ್ಷ ಆ ಕೋಣೆಯಲ್ಲಿ ಅವಳು ನಿಂತೇ ಮಾತಾಡಿದ್ದಳು.