ಸೋಮವಾರ ಬಂದ ಹೆಂಗಸರು

ಪದ್ಮಕ್ಕ, ನಿನ್ನ ಚಿತ್ರವನ್ನು ಹೊಳೆನರಸೀಪುರದಿಂದ ಮೂರೇ ದಿನಕ್ಕೆ ಎತ್ತಿಸಿದವಳು ನಾನು. ಜನ ಬರಲಿಲ್ಲ ಎಂದು ನೀನು ಇವತ್ತಿಗೂ ನಂಬಿದ್ದೀಯ. ನಂಬಿಸಿದವಳೂ ನಾನೇ.

ನಯಾಪೈಸೆ ಬಂದ ಹೊಸತು. ನಮ್ಮ ಬೀದಿಯ ಹುಡುಗಿ ನೀನು, ನಾಟಕದ ಕಂಪನಿಯಿಂದ ಚಿತ್ರಕ್ಕೆ ಹೋಗಿದ್ದೆ. ಪಾತ್ರ ಸಣ್ಣದು, ನಿನ್ನ ಸೀಮೆಯಲ್ಲಿ ಓಡಿದರೆ ಮುಂದೆ ದೊಡ್ಡದು ಕೊಡುತ್ತೇವೆ ಎಂದು ಚಿತ್ರ ತೆಗೆದವರು ಹೇಳಿದ್ದರಂತೆ. ನಮ್ಮೂರ ಟೆಂಟ್ ಸಿನಿಮಾದಲ್ಲಿ ಹೆಂಗಸರ ಕಡೆ ಟಿಕೆಟ್ ಹರಿಯುವ ಕೆಲಸ ನನ್ನದು. ಮಧ್ಯಾಹ್ನವೇ ಹೋಗಿ ಮರಳು ಸಮ ಮಾಡಿ, ನೀರು ಚಿಮುಕಿಸಿ ಗೇಟಿಗೆ ಕೂರುತ್ತಿದ್ದೆ. ಶುಕ್ರವಾರ, ಶನಿವಾರ, ಭಾನುವಾರದ ಕಲೆಕ್ಷನ್ ನೋಡಿ ರೀಲಿನ ಪೆಟ್ಟಿಗೆ ಇರಬೇಕೋ ಹೋಗಬೇಕೋ ತೀರ್ಮಾನ. ಇಲ್ಲಿ ಆ ಮೂರು ದಿನ ಸೋತ ಚಿತ್ರವನ್ನು ಅರಕಲಗೂಡು, ಚನ್ನರಾಯಪಟ್ಟಣದ ಟೆಂಟಿನವರೂ ಬೇಡ ಅನ್ನುತ್ತಿದ್ದರು — ನೋಡದೆಯೇ.

ಆದರೆ ನಮ್ಮ ಹೆಂಗಸರ ಲೆಕ್ಕ ಬೇರೆ. ಶುಕ್ರವಾರ ಪೂಜೆ, ಶನಿವಾರ ಒಪ್ಪೊತ್ತು, ಭಾನುವಾರ ಮನೆ ತುಂಬ ನೆಂಟರು. ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹಾಕುವುದಿಲ್ಲ. ಹೊಲದ ಕೆಲಸವಿಲ್ಲದೆ ಹರದನಹಳ್ಳಿ ಕಡೆಯವರೆಲ್ಲ ಕೂಸು ಎತ್ತಿಕೊಂಡು ನಡೆದೇ ಬರುತ್ತಿದ್ದರು. ಇದು ಬೆಂಗಳೂರಿನಿಂದ ಬಂದಿದ್ದ ಹಂಚಿಕೆದಾರರ ಕಡೆಯವನಿಗೆ ಗೊತ್ತಿಲ್ಲ. ಟೆಂಟಿನ ಯಜಮಾನರು ಕೊಣನೂರಿಗೆ ಹೋಗಿದ್ದರು. ಗೊತ್ತಿದ್ದದ್ದು ನನಗೆ.

ಭಾನುವಾರ ಸಂಜೆ ಅವನು ನನ್ನ ಗೇಟಿಗೇ ಬಂದ. "ಏನಮ್ಮಾ, ನಾಳೆ ಹೆಂಗಸರು ಬರ್ತಾರಾ? ಬರ್ತಾರೆ ಅಂದ್ರೆ ಇನ್ನೆರಡು ದಿನ ಇರಿಸ್ತೀನಿ."

"ಇಲ್ಲ ಸಾ, ಯಾರೂ ಮೆಚ್ಕಂಡಿಲ್ಲ. ಬರಾಕಿಲ್ಲ" ಅಂದೆ.

ಸೋಮವಾರ ಹಾಸನದಲ್ಲಿ ನನ್ನ ತಂಗಿಯ ಮಗುವಿಗೆ ನಾಮಕರಣ. ಪೆಟ್ಟಿಗೆ ಹೋದರೆ ಮುಂದಿನದು ಬರುವವರೆಗೆ ಟೆಂಟಿಗೆ ಬೀಗ, ರಜ ಕೇಳುವ ಪಾಡಿಲ್ಲ — ಅಷ್ಟೇ. ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತೇ ಎಂದು ಎಷ್ಟೋ ಸಲ ಹುಡುಕಿಕೊಂಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಆ ಗಳಿಗೆಯಲ್ಲಿ ನಿನ್ನನ್ನು ನೆನೆದಂತಾದರೂ ಆಗುತ್ತಿತ್ತು. ನನಗೆ ನೆನಪಾದದ್ದು ತೊಟ್ಟಿಲಿಗೆ ಕಟ್ಟುವ ಹೂವು.

ಮಂಗಳವಾರ ಹಿಂತಿರುಗಿದಾಗ ಟೆಂಟಿನೆದುರು ಬೋಂಡ ಕರಿಯುವ ಗಂಗಮ್ಮ ತಡೆದಳು. "ಎಲ್ಲಿಗ್ ಓಗಿದ್ಯೇ? ನೆನ್ನೆ ಸಂತೆ ಅಂಗೆ ಬಂದಿದ್ರು ಹೆಂಗಸ್ರು. ನಮ್ ಪದ್ಮನ್ ನೋಡ್ಬೇಕು ಅಂತ ಬಾಗ್ಲು ತಾವೇ ಕುಂತಿದ್ರು. ನಿನ್ನೂ ಬೈದು, ನನ್ ಬೋಂಡಾನೂ ಖಾಲಿ ಮಾಡ್ಬುಟ್ಟು ಓದ್ರು." ಅವಳಿಗೆ ವ್ಯಾಪಾರವಾದ ಖುಷಿ. ನಾನೂ ನಕ್ಕೆ.

ಅರಕಲಗೂಡಿನವರು ಚಿತ್ರ ತರಿಸಲಿಲ್ಲ. ಚನ್ನರಾಯಪಟ್ಟಣದವರೂ ಇಲ್ಲ. ದೊಡ್ಡ ಪಾತ್ರ — ಅದರ ಸುದ್ದಿಯೇ ಬರಲಿಲ್ಲ. ನೀನು ಊರಿಗೆ ಬಂದು ಹೊಲಿಗೆ ಮೆಷಿನ್ನಿಗೆ ಕೂತೆ. ಒಂದು ದಿನ ನನ್ನ ರವಿಕೆಗೆ ಅಳತೆ ಹಿಡಿಯುತ್ತಾ, ನನ್ನ ಬೆನ್ನ ಹಿಂದಿನಿಂದ ಕೇಳಿದೆ: "ನಮ್ಮೂರೋರ್ಗೇ ನನ್ ಮೊಕ ಬೇಡಾಯ್ತು, ಅಲ್ವೇನೇ?"

ಆಗಲಾದರೂ ಹೇಳಬಹುದಿತ್ತು. "ಹೂಂ ಕಣಕ್ಕ, ಒಬ್ರೂ ಬರ್ಲಿಲ್ಲ" ಅಂದೆ. ನೀನು ಭುಜದ ಅಳತೆಯನ್ನು ಇನ್ನೊಮ್ಮೆ ಹಿಡಿದೆ. ಆಮೇಲೆ ನೀನು ಯಾವ ಚಿತ್ರ ನೋಡಲೂ ಟೆಂಟಿಗೆ ಬಂದದ್ದನ್ನು ನಾನು ಕಾಣೆ.

ನಾಳೆ ನಿನ್ನ ಮನೆಗೆ ಬರುತ್ತೇನೆ, ಗಂಗಮ್ಮನನ್ನೂ ಕರೆದುಕೊಂಡು. ಇನ್ನು ನನ್ನ ಮಾತನ್ನು ನೀನು ನಂಬಬೇಕಾಗಿಲ್ಲ. ಅವತ್ತು ಯಾರು ಯಾರು ಬಂದಿದ್ದರೆಂದು ಅವಳೇ ಹೇಳಲಿ — ಹೇಳಿ ಮುಗಿಸುವವರೆಗೂ ನಾನು ನಿನ್ನ ಎದುರಿಗೇ ಕೂತಿರುತ್ತೇನೆ.