ಪುಸ್ತಕದಲ್ಲಿಲ್ಲದ ಮಳೆ

ಪ್ರೋಗ್ರಾಮ್ ತಪ್ಪಿದರೆ ತಪ್ಪು ಬರೆದವನದೇ, ಯಂತ್ರಕ್ಕೆ ಮನಸ್ಸಿಲ್ಲ ಎಂದು ವಿದ್ಯಾರ್ಥಿಗಳನ್ನು ಗದರಿಸುತ್ತ ಬಂದವನು ನಾನು. ವಿಚಿತ್ರ ಅನುಭವ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಹುಲಗೋಳದಲ್ಲಿ ನನಗೆ ಮಗ್ಗಿ ಕಲಿಸಿದ ಅಕ್ಕೋರು ಇದ್ದಾರೆ. ಮೂವತ್ತು ವರ್ಷ, ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ, ಶಾಲೆಯಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಮಿಲಿಮೀಟರ್ ಓದಿ, ಪುಸ್ತಕದಲ್ಲಿ ಬರೆದವರು. ಮನೆಯಲ್ಲಿ ಏನೇ ನಡೆದರೂ ಎಂಟೂವರೆ ತಪ್ಪುತ್ತಿರಲಿಲ್ಲ. ತಪ್ಪಿದ್ದು ಒಂದೇ ದಿನ, ಅವರ ಯಜಮಾನರು ತೀರಿಕೊಂಡ ದಿನ. ಆ ಜಾಗ ಖಾಲಿ ಬಿಟ್ಟಿದ್ದರು.

ಪುಸ್ತಕವನ್ನು ಅವರು ನನ್ನ ಕೈಗಿತ್ತು, ಸರಾಸರಿ ತೆಗೆದುಕೊಡು ಎಂದಿದ್ದರು. ಶಿರಸಿಯ ಕಾಲೇಜಿನಲ್ಲಿ ನನ್ನ ಬಳಿ ಹಳೆಯ ಫೋರ್ಟ್ರಾನ್ ಪ್ರೋಗ್ರಾಮ್ ಒಂದಿತ್ತು. ಅರೇ ಎಂದರೆ ಅಂಕಿ ಇಡಲು ಸಾಲಾಗಿ ಮಾಡಿದ ಗೂಡುಗಳು, ಒಂದು ದಿನಕ್ಕೆ ಒಂದು ಗೂಡು. ಖಾಲಿ ದಿನಕ್ಕೆ ಮೈನಸ್ ತೊಂಬತ್ತೊಂಬತ್ತು ಎಂದು ಗುರುತು ಹಾಕಿ, ಅದನ್ನು ಬಿಟ್ಟು ಕೂಡು ಎಂದು ಬರೆದಿದ್ದೆ. ಆದರೂ ಯಜಮಾನರು ತೀರಿಕೊಂಡ ವರ್ಷದ ಮೊತ್ತ, ನಾನು ಕೈಯಲ್ಲಿ ಕೂಡಿದ್ದಕ್ಕಿಂತ 87.4 ಹೆಚ್ಚು ಬಂತು. ಹುಡುಕಿದರೆ, ಆ ಖಾಲಿ ದಿನದ ಗೂಡಿನಲ್ಲೇ 87.4 ಕೂತಿತ್ತು. ನಾನು ಟೈಪ್ ಮಾಡಿದ ಫೈಲಿನಲ್ಲಿ ಅಂಥ ಸಂಖ್ಯೆಯೇ ಇರಲಿಲ್ಲ. ಪ್ರೋಗ್ರಾಮ್ ಗೂಡುಗಳ ಗಡಿ ಮೀರಿ ಓದದಂತೆ ಕಾವಲು ಹಾಕಿ ಓಡಿಸಿದೆ, ಮಾಯ. ಕಾವಲು ತೆಗೆದೆ, ಮತ್ತೆ ಬಂತು.

ಸಹಪಾಠಿಯೊಬ್ಬನಿಗೆ ಫೋನ್ ಮಾಡಿದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಹೊಸ ಕಂಪೈಲರಿನ ದೋಷ, ಅರೇಯ ಲೆಕ್ಕ ತಪ್ಪಿ ಪಕ್ಕದ ಯಾವುದೋ ಕಸವನ್ನು ಓದುತ್ತಿದೆ, ತಲೆ ಕೆಡಿಸಿಕೊಳ್ಳಬೇಡ ಎಂದ. ಅವನು ಹೇಳಿದ್ದು ಸರಿಯೇ. ಅಂಥ ದೋಷಗಳು ಇರುತ್ತವೆ.

ಭಾನುವಾರ ಪುಸ್ತಕ ಮರಳಿಸಲು ಹೋದೆ. ಅಕ್ಕೋರು ಜಗಲಿಯಲ್ಲಿ ಹಲಸಿನ ಬೇಳೆ ಸಿಪ್ಪೆ ಬಿಡಿಸುತ್ತಿದ್ದರು. ನಗೆಯಾಡುತ್ತ, ನಮ್ಮ ಕಂಪ್ಯೂಟರ್ ನಿಮ್ಮ ಖಾಲಿ ದಿನಕ್ಕೂ ಮಳೆ ಸುರಿಸಿತು ಎಂದು ಸಂಖ್ಯೆ ಹೇಳಿದೆ. ಅವರ ಕೈ ನಿಂತಿತು.

"ಇದು ನಿಂಗೆ ಎಲ್ಲಿ ಸಿಕ್ತು ತಮಾ?"

ನಾನು ಕಂಪೈಲರ್, ಕಸ ಎಂದೆಲ್ಲ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಆವತ್ತೂ ಆನು ಮಳೆ ಅಳದಿದ್ದಿ. ಯಜಮಾನ್ರಿಗೆ ಉಬ್ಬಸ ಇತ್ತು, ಎಂಟೂವರೆ ಆತು ಹೇಳಿ ಬಿಟ್ಟಿಕ್ಕಿ ಹೋದಿ. ಬಪ್ಪಷ್ಟೊತ್ತಿಗೆ ಉಸಿರಿತ್ತಿಲ್ಲೆ. ಎಂಬತ್ತೇಳು ಪಾಯಿಂಟ್ ನಾಕು. ಪುಸ್ತಕದಲ್ಲಿ ಬರದ್ನಿಲ್ಲೆ, ಯಾರಿಗೂ ಹೇಳಿದ್ನಿಲ್ಲೆ."

ಮೈ ಜುಮ್ಮೆಂದಿತು. ಹೆದರಿಕೆಯಲ್ಲ ಅದು, ಗರ್ಭಗುಡಿಯೆದುರು ನಿಂತಾಗ ಆಗುವಂಥದ್ದು. ಅಕ್ಕೋರೇ ಪುಸ್ತಕ ತೆರೆದು ಆ ಪುಟ ಹುಡುಕಿದರು.

"ನೀನೇ ಬರಿ. ಎನ್ನ ಕೈಯಲ್ಲಿ ಆಗ್ತಿಲ್ಲೆ."

ಬರೆದೆ. ಮೂವತ್ತು ವರ್ಷದ ಅವರ ದುಂಡಕ್ಷರದ ನಡುವೆ ನನ್ನ ವಕ್ರ ಅಕ್ಷರದ ಸಂಖ್ಯೆ ಅದೊಂದೇ. ಅಕ್ಕೋರು ಅದರ ಮೇಲೆ ಬೆರಳಿಟ್ಟು ಅತ್ತರು. ಆಮೇಲೆ ಚಹಾ ಮಾಡಲು ಎದ್ದರು.

ಮಾರನೆಯ ದಿನ ಅದೇ ಹಳೆಯ ಫೈಲನ್ನು, ಅದೇ ಕಂಪೈಲರಿನಲ್ಲಿ, ಕಾವಲಿಲ್ಲದೆ ಓಡಿಸಿದೆ. ಆ ದಿನದ ಗೂಡಿನಲ್ಲಿ ಮೈನಸ್ ತೊಂಬತ್ತೊಂಬತ್ತು. ಆಮೇಲೆಯೂ ಎಷ್ಟು ಸಲ ಓಡಿಸಿದೆನೋ, 87.4 ಮತ್ತೆ ಬರಲಿಲ್ಲ.