ದೇಣಿಗೆ ಕೇಳಿದ ದನಿ

ತಪ್ಪು ನನ್ನದೇ. ಅಣಕಿಸಲು ಕೂತರೆ ನನ್ನ ನಾಲಿಗೆ ಯಾರನ್ನೂ ಬಿಡುವುದಿಲ್ಲ, ನನ್ನನ್ನೂ.

ನಮ್ಮ ಭಾಗದ ಹಿರಿಯರ ಮಾತನ್ನು ಧ್ವನಿಮುದ್ರಿಸಿಡುವ ಜಾಲತಾಣವೊಂದನ್ನು ಹುಮನಾಬಾದಿನ ಬಟ್ಟೆ ಅಂಗಡಿಯ ಅಣ್ಣ ಬಿಡುವಿನಲ್ಲಿ ನಡೆಸುತ್ತಿದ್ದರು. ಅದರ ಖರ್ಚಿಗೆ ಕೇಳುಗರ ದೇಣಿಗೆಯೇ ಆಧಾರ. ಅವರು ದೇಣಿಗೆ ಕೇಳುವ ದನಿಯನ್ನು ನಾನು ಬಸವಕಲ್ಯಾಣದಲ್ಲಿ ಕೂತು ಅಣಕಿಸಿ, ವಾಟ್ಸಾಪಿಗೆ ಬಿಡುತ್ತಿದ್ದೆ: “ಒಂದ್ ಚಹಾದ ರೊಕ್ಕರೆ ಹಾಕ್ರೆಪಾ, ಬಂದ್ ಬೀಳಾಕತ್ತೈತಿ!”

ಕೊನೆಗೆ ತಾಣ ನಿಜಕ್ಕೂ ಮುಚ್ಚುವ ಹಂತಕ್ಕೆ ಬಂದಾಗ ಅವರೇ ವಾಟ್ಸಾಪಿನಲ್ಲಿ ಹಾಗೆ ಬೇಡಿಕೊಂಡರು. ಆ ದನಿ ಗುಂಪಿನಿಂದ ಗುಂಪಿಗೆ ಹೋಯಿತು. ಕೇಳಿದವರೆಲ್ಲ ನನ್ನದೇ ಅಣಕವೆಂದು ನಕ್ಕು ಸುಮ್ಮನಾದರು. ತಾಣ ಮುಚ್ಚಿತು. ತೀರಿಹೋದ ನಮ್ಮಜ್ಜಿಯ ಮಾತೂ ಅದರಲ್ಲಿತ್ತು. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ.

ಅಂಗಡಿಗೆ ಹೋಗಿ, “ತಪ್ಪಾತ್ರಿ ಅಣ್ಣಾ” ಎಂದೆ.

ಅವರು ಸೀರೆ ಮಡಚುತ್ತಲೇ ಕೇಳಿದರು: “ಇದು ಯಾರ ದನಿಯಪಾ?”